ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್ ಒಬ್ಬರ ಬಳಲಿಕೆ: ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಗಿರಿಜಾ ಎಂದು ಕರೆದಿರುವವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಹೆಸರನ್ನೂ ಮನೆಯ ವಿವರಗಳನ್ನೂ ಬದಲಿಸಲಾಗಿದೆ. ಉತ್ತರ ಕರ್ನಾಟಕದಿಂದ ಬಂದು ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಹಲವು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿರುವ ಅವರಿಗೆ ಮೂವತ್ತು ದಾಟಿದೆ. ಮನೆಯಲ್ಲಿ ಗಂಡ, ಶಾಲೆಗೆ ಹೋಗುವ ಮಗಳು ಮತ್ತು ಅತ್ತೆ ಇದ್ದಾರೆ.

ಅವರನ್ನು ನನ್ನ ಬಳಿಗೆ ತಂದದ್ದು ಔಷಧದ ಒಂದು ಚೀಟಿ. ರಾತ್ರಿ ಡ್ಯೂಟಿ ಮುಗಿಯುವ ಹೊತ್ತಿಗೆ ಒಂದು ಮಗುವಿಗೆ ಕೊಡಬೇಕಿದ್ದ ಕಿಮೋ ಔಷಧದ ಚೀಟಿಯನ್ನು ಮೂರು ಸಲ ಓದಿದರೂ ಅದರಲ್ಲಿದ್ದ ಹೆಸರು ಅವರ ತಲೆಗೆ ಇಳಿಯಲಿಲ್ಲ. ಜೊತೆಯ ನರ್ಸ್ ಎರಡನೆಯ ಪರಿಶೀಲನೆ ಮಾಡುವಾಗ ಅದು ಪಕ್ಕದ ಹಾಸಿಗೆಯ ಮಗುವಿನದು ಎಂದು ಕಂಡು ತಡೆದರು. ಯಾರಿಗೂ ತೊಂದರೆಯಾಗಲಿಲ್ಲ. ಆದರೆ ವಿನ್‌ಕ್ರಿಸ್ಟಿನ್‌ನಂಥ, ರಕ್ತನಾಳಕ್ಕೆ ಮಾತ್ರ ಕೊಡಬೇಕಾದ, ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವನ್ನೇ ತೆಗೆಯುವ ಔಷಧಗಳನ್ನು ನಿತ್ಯ ಕೈಯಲ್ಲಿ ಹಿಡಿಯುವವರಿಗೆ ಇಂಥ ಕ್ಷಣ ಎಷ್ಟು ಭಯಂಕರವೆಂದು ಬೇರೆ ವಿಭಾಗದವರಿಗೆ ವಿವರಿಸುವುದು ಕಷ್ಟ. ಅಂದಿನಿಂದ ಕೈ ನಡುಗುತ್ತದೆ ಎಂದು ಗಿರಿಜಾ ಹೇಳಿದರು.

ಮೊದಲ ಭೇಟಿಯಲ್ಲಿ ಅವರು ಔಷಧದ ವಿಷಯ ಬಿಟ್ಟು ಬೇರೇನನ್ನೂ ಹೇಳಲಿಲ್ಲ. ಎರಡನೆಯ ಭೇಟಿಯ ಕೊನೆಗೆ, ಎದ್ದು ಹೊರಡುವಾಗ, ಹುಡುಗನೊಬ್ಬನ ಮಾತು ತೆಗೆದರು. ಆರು ವರ್ಷದ ಅವನಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿತ್ತು. ಸೂಜಿ ಹಾಕಲು ನರ ಹುಡುಕುವಾಗ ತಾನೇ ಕೈ ಚಾಚಿ, "ಈ ಕೈ ನಿನ್ನೆ ಆಯ್ತು ಅಕ್ಕಾ, ಇವತ್ತು ಆ ಕೈ" ಎಂದು ಹೇಳಿಕೊಡುತ್ತಿದ್ದ. ಅವನು ತೀರಿಕೊಂಡ ಮಧ್ಯಾಹ್ನ ದೇಹವನ್ನು ಒರೆಸಿ, ಬಟ್ಟೆ ಹಾಕಿ ಕಳಿಸಿದವರು ಗಿರಿಜಾ. ಸ್ವಲ್ಪ ಹೊತ್ತಿನಲ್ಲೇ ಅದೇ ಹಾಸಿಗೆಗೆ ಹೊಸ ಚಾದರ ಹಾಸಿ, ಫಲಕದಲ್ಲಿ ಅವನ ಹೆಸರು ಅಳಿಸಿ ಹೊಸ ಮಗುವಿನ ಹೆಸರು ಬರೆದವರೂ ಅವರೇ. "ಕಣ್ಣಾಗ ಒಂದು ಹನಿ ನೀರ ಬರಲಿಲ್ಲರೀ ಮೇಡಂ. ನಾ ಎಂಥ ಮನಿಷ್ಯಾಳು ಅಂತ ನನಗs ಹೆದರಿಕಿ ಆತು" ಎಂದರು. ಮನೆಯಲ್ಲಿ ಮಗಳು ಬಂದು ಅಪ್ಪಿಕೊಂಡರೆ ದೂರ ಸರಿಸುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ, ಒಂದು ಸಣ್ಣ ಅಪಘಾತವಾಗಿ ನಾಲ್ಕು ದಿನ ಡ್ಯೂಟಿ ತಪ್ಪಿದರೆ ಸಾಕು ಎನ್ನಿಸುತ್ತದೆ.

ಈ ಕೊನೆಯ ಮಾತನ್ನು ಕೇಳಿದ ಯಾವ ಆಪ್ತಸಲಹೆಗಾರರೂ ಅದನ್ನು ದಣಿವಿನ ಮಾತೆಂದು ಬಿಟ್ಟುಬಿಡಬಾರದು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು; ವಾರ್ಡಿಗೆ ಹೋಗದಿದ್ದರೆ ಸಾಕು ಎಂಬುದಷ್ಟೇ ಅವರ ಆಸೆಯಾಗಿತ್ತು. ಆದರೂ ಮನೋವೈದ್ಯರೊಬ್ಬರನ್ನು ಕಾಣಲು ಕಳಿಸಿದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಲು ಹೇಳಿದೆ, ಏಕೆಂದರೆ ರಕ್ತಹೀನತೆಯ ಸುಸ್ತನ್ನೇ ಮನಸ್ಸಿನ ಬಳಲಿಕೆಯೆಂದು ತಿಳಿದು ತಿಂಗಳುಗಟ್ಟಲೆ ಮಾತನಾಡುತ್ತಾ ಕೂರುವುದು ಅನ್ಯಾಯ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಅದಕ್ಕೆ ಔಷಧ ಆರಂಭವಾಯಿತು. ಖಿನ್ನತೆಯ ಕಾಯಿಲೆ ಇಲ್ಲವೆಂದು ಮನೋವೈದ್ಯರು ಅಭಿಪ್ರಾಯಪಟ್ಟರು.

ಉಳಿದದ್ದು ವೃತ್ತಿಯ ಬಳಲಿಕೆ. ಇದನ್ನು ಅಳೆಯಲು ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ರೂಪಿಸಿದ ಪ್ರಶ್ನಾವಳಿ ಮೂರು ಸಂಗತಿಗಳನ್ನು ನೋಡುತ್ತದೆ: ಭಾವನೆಗಳು ಬತ್ತುವುದು, ಎದುರಿನವರ ಬಗ್ಗೆ ಮರಗಟ್ಟುವುದು, ನನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆನ್ನಿಸುವುದು. ಗಿರಿಜಾ ಅವರಲ್ಲಿ ಮೂರೂ ಇದ್ದವು. ಅಳು ಬಾರದಿದ್ದುದು ಅವರ ಸ್ವಭಾವದ ದೋಷವಾಗಿರಲಿಲ್ಲ, ಇದೇ ಬಳಲಿಕೆಯ ಎರಡನೆಯ ಲಕ್ಷಣವಾಗಿತ್ತು ಎಂದು ತಿಳಿಸಿದಾಗ ಅವರ ಮುಖ ಸಡಿಲವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೂಡ ತನ್ನ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ, ಅಂದರೆ 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ, ಬಳಲಿಕೆಯನ್ನು ಕಾಯಿಲೆಯೆನ್ನದೆ, ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದೇ ವಿವರಿಸುತ್ತದೆ. ಹುಟ್ಟು ಕೆಲಸದಲ್ಲಿದ್ದ ಮೇಲೆ ಪರಿಹಾರದ ಪೂರ್ಣ ಭಾರವನ್ನು ನರ್ಸ್ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ನನ್ನ ದೃಢವಾದ ನಿಲುವು.

ಅವರ ಆಸ್ಪತ್ರೆಯಲ್ಲಿ ಸ್ವ-ಆರೈಕೆಯ ತರಗತಿ ಆಗಲೇ ನಡೆದಿತ್ತು. ಅದನ್ನು ಇಟ್ಟದ್ದು ವಾರದ ರಜೆಯ ದಿನ, ಹಾಜರಿ ಕಡ್ಡಾಯ. ಯೋಗ ಮಾಡಿ, ಸಂಗೀತ ಕೇಳಿ, ಚೆನ್ನಾಗಿ ನಿದ್ದೆ ಮಾಡಿ ಎಂದು ಹೇಳಿ ಕಳಿಸಿದ್ದರು. ನಿದ್ದೆ ಮಾಡಬೇಕಾದ ದಿನ ಕರೆಸಿ ನಿದ್ದೆಯ ಬಗ್ಗೆ ಪಾಠ ಹೇಳಿದರೆ ನರ್ಸ್‌ಗಳು ಕಲಿಯುವುದಾದರೂ ಏನನ್ನು? ಆದ್ದರಿಂದ ಗಿರಿಜಾ ಅವರಿಗೆ ಡ್ಯೂಟಿಯ ಒಳಗೇ ಮಾಡಲು ಸಾಧ್ಯವಾದುದನ್ನು ಮೊದಲು ಹೇಳಿದೆ. ಶೌಚಾಲಯಕ್ಕೆ ಹೋಗಲು ಸಮಯ ಸಿಗದೆಂದು ಅವರು ನೀರನ್ನೇ ಕುಡಿಯುತ್ತಿರಲಿಲ್ಲ. ಜೊತೆಯ ನರ್ಸ್‌ನೊಡನೆ ಮಾತನಾಡಿಕೊಂಡು ಪಾಳಿಯ ನಡುವೆ ಹತ್ತು ನಿಮಿಷ ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಳ್ಳುವ ಒಪ್ಪಂದ ಮಾಡಿಕೊಂಡರು. ರಾತ್ರಿ ಪಾಳಿಯಲ್ಲಿ ಎರಡು ಗಂಟೆಯ ನಂತರ ಕಾಫಿ ಬೇಡವೆಂದೆ, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ. ಬೆಳಿಗ್ಗೆ ಮನೆಗೆ ಹೋದೊಡನೆ ಅಡುಗೆಮನೆಗೆ ಇಳಿಯುವ ಪದ್ಧತಿಯ ಬಗ್ಗೆ ಗಂಡನನ್ನೂ ಕರೆಸಿ ಮಾತನಾಡಿದೆ. ರಾತ್ರಿ ಪಾಳಿಯ ವಾರದಲ್ಲಿ ಮಗಳ ತಿಂಡಿ, ಡಬ್ಬಿ, ಶಾಲೆ ತಮ್ಮದೆಂದು ಅವರು ಒಪ್ಪಿದರು. ಅತ್ತೆಗೆ ಇದು ಸರಿಕಾಣಲಿಲ್ಲ, ಈಗಲೂ ಕಾಣುತ್ತಿಲ್ಲ.

ಫೋನಿನದು ಇನ್ನೂ ನಾಜೂಕಾದ ವಿಷಯ. ತೀರಿಕೊಂಡ ಮಕ್ಕಳ ತಂದೆತಾಯಂದಿರು ಹುಟ್ಟುಹಬ್ಬದ ದಿನ, ವರ್ಷದ ತಿಥಿಯ ದಿನ ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಿದ್ದರು. ಗಿರಿಜಾ ಅವರು ಮಧ್ಯರಾತ್ರಿಯಾದರೂ ಉತ್ತರಿಸುತ್ತಿದ್ದರು. ನಂಬರ್ ತಡೆಯಿರಿ ಎಂದು ನಾನು ಹೇಳಲಿಲ್ಲ, ಆ ತಾಯಂದಿರಿಗೆ ತಮ್ಮ ಮಗುವನ್ನು ನೆನೆಯುವ ಕೆಲವೇ ಜನರಲ್ಲಿ ಈಕೆಯೂ ಒಬ್ಬರು. ಉತ್ತರಕ್ಕೆ ವಾರದಲ್ಲಿ ಒಂದು ನಿಗದಿತ ಹೊತ್ತು ಇರಲಿ, ಹೊಸ ಕುಟುಂಬಗಳಿಗೆ ವಾರ್ಡಿನ ನಂಬರ್ ಮಾತ್ರ ಕೊಡಿ ಎಂದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟದ್ದು ದುಃಖಕ್ಕೆ. ಮಗು ತಮ್ಮದಲ್ಲವಾದ್ದರಿಂದ ನರ್ಸ್‌ಗಳ ಶೋಕಕ್ಕೆ ಸೂತಕವಿಲ್ಲ, ರಜೆಯಿಲ್ಲ, ಬಂದು ಸಮಾಧಾನ ಹೇಳುವ ನೆಂಟರೂ ಇಲ್ಲ. ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇಂಥ, ಸಮಾಜ ಒಪ್ಪದ ಶೋಕದ ಬಗ್ಗೆ ವಿವರವಾಗಿ ಬರೆದರು. ಗಿರಿಜಾ ಅವರಿಗೆ ನೆನಪಿರುವ ಮಕ್ಕಳ ಬಗ್ಗೆ ಒಬ್ಬೊಬ್ಬರಾಗಿ ನನ್ನೆದುರು ಮಾತನಾಡಲು ಹೇಳಿದೆ: ಏನು ಇಷ್ಟಪಡುತ್ತಿದ್ದರು, ಏನಕ್ಕೆ ಹಟ ಮಾಡುತ್ತಿದ್ದರು, ಕೊನೆಯ ದಿನ ಗಿರಿಜಾ ಏನು ಮಾಡಿದರು. ಆರು ವರ್ಷದ ಹುಡುಗನ ಸರದಿ ಬಂದಾಗ ಅವರು ಬಹಳ ಹೊತ್ತು ಅತ್ತರು.

ಇದರ ಜೊತೆಗೆ ಅವರ ಒಪ್ಪಿಗೆಯೊಡನೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಕಂಡೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜೊನಾಥನ್ ಬಾರ್ಟಲ್ಸ್ ಎಂಬ ನರ್ಸ್ ಆರಂಭಿಸಿದ ಸಣ್ಣ ಪದ್ಧತಿಯನ್ನು ವಿವರಿಸಿದೆ: ಸಾವಿನ ನಂತರ ಹಾಸಿಗೆಯ ಸುತ್ತ ಇದ್ದವರೆಲ್ಲ ಒಂದು ನಿಮಿಷದಷ್ಟು ಹೊತ್ತು ಮೌನವಾಗಿ ನಿಲ್ಲುವುದು. ಅದಕ್ಕೆ ಖರ್ಚಿಲ್ಲ, ಯಾವ ಧರ್ಮದ ಅಡ್ಡಿಯೂ ಇಲ್ಲ. ಅವರು ಒಪ್ಪಿದರು. ದೇಹ ಸಿದ್ಧಪಡಿಸಿದ ನರ್ಸ್ ಅದೇ ಪಾಳಿಯಲ್ಲಿ ಅದೇ ಹಾಸಿಗೆಗೆ ಹೊಸ ಮಗುವನ್ನು ಸೇರಿಸಿಕೊಳ್ಳಬಾರದು ಎಂಬ ಕೋರಿಕೆಗೆ, ಜನ ಸಾಲುವ ದಿನಗಳಲ್ಲಿ ಮಾಡೋಣ ಎಂಬ ಉತ್ತರ ಬಂತು. ಸ್ವ-ಆರೈಕೆಯ ತರಗತಿಯನ್ನು ರಜೆಯ ದಿನದಿಂದ ತೆಗೆದು, ಎರಡು ಪಾಳಿಯವರೂ ಸೇರುವ ಹ್ಯಾಂಡೋವರ್ ಹೊತ್ತಿನ ಅರ್ಧ ಗಂಟೆಗೆ ತರಲಾಯಿತು.

ಇನ್ನೊಂದು ಸಲಹೆ ಇಂಥ ಎಲ್ಲ ವಾರ್ಡುಗಳಿಗೂ ಬೇಕೆಂದು ನನಗೆ ಅನ್ನಿಸುತ್ತದೆ. ವಾರ್ಡಿನ ನರ್ಸ್ ನೋಡುವುದು ಸೋಂಕು ತಗುಲಿ, ಕಾಯಿಲೆ ಮರುಕಳಿಸಿ ಮತ್ತೆ ಬಂದ ಮಕ್ಕಳನ್ನು. ಗುಣವಾದವರು ಹೊರರೋಗಿ ವಿಭಾಗಕ್ಕೆ ಬಂದು ಹಾಗೇ ಹೋಗುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ, ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. 2030ರೊಳಗೆ ಜಗತ್ತಿನಾದ್ಯಂತ ಕ್ಯಾನ್ಸರ್ ಇರುವ ಮಕ್ಕಳಲ್ಲಿ ಕನಿಷ್ಠ ಶೇ 60ರಷ್ಟು ಮಂದಿ ಬದುಕಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟಿತು. ಸೂಜಿ ಚುಚ್ಚಿದ ಕೈಗಳಿಗೆ ಇದು ಕಾಣುವುದೇ ಇಲ್ಲ. ತಿಂಗಳಿಗೊಮ್ಮೆ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕೆಲಸಕ್ಕೆ ಹಾಕುವಂತೆ ಗಿರಿಜಾ ಕೇಳಿಕೊಂಡರು. ಕೂದಲು ಬೆಳೆದು ಗುರುತೇ ಸಿಗದಷ್ಟು ಎತ್ತರವಾಗಿದ್ದ ಹುಡುಗಿಯೊಬ್ಬಳು ಅಲ್ಲಿ ಅವರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿದಳಂತೆ.

ಗಿರಿಜಾ ಈಗ ನಿದ್ದೆ ಮಾಡುತ್ತಾರೆ, ಚೀಟಿಯನ್ನು ಗಟ್ಟಿಯಾಗಿ ಓದಿಯೇ ಔಷಧ ಮುಟ್ಟುತ್ತಾರೆ. ವಾರ್ಡಿನಲ್ಲಿ ಜನರ ಕೊರತೆ ಹಾಗೇ ಇದೆ, ಸಾವುಗಳೂ ಇವೆ. ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಮರಳುವ ಮಕ್ಕಳ ಡೇ ಕೇರ್ ವಿಭಾಗಕ್ಕೆ ವರ್ಗ ಕೇಳಬೇಕೇ ಎಂಬುದು ಅವರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕೇಳಿದರೆ ಓಡಿಹೋದಂತೆ ಎಂಬ ಅಳುಕು ಅವರಿಗಿದೆ, ಹಾಗೆ ಭಾವಿಸಬೇಕಿಲ್ಲವೆಂದು ನಾನು ಹೇಳಿದ್ದೇನೆ. ನಮ್ಮ ಭೇಟಿಗಳು ತಿಂಗಳಿಗೊಮ್ಮೆ ಮುಂದುವರಿದಿವೆ. ನಡುವೆ ಬಸ್ಸಿನಲ್ಲಿ ಬಂದಂಥ ಯೋಚನೆ ಮರಳಿದರೆ ನನಗಾಗಿ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬೇಕೆಂದು ತಿಳಿಸಿ, ಆ ಸಂಖ್ಯೆಯನ್ನು ಅವರ ಗಂಡನ ಫೋನಿನಲ್ಲೂ ಹಾಕಿಸಿದ್ದೇನೆ.