ಓದುಗರ ಪ್ರಶ್ನೆ: ಸೌದೆಗೆ ಹೋಗೋ ಮರದಲ್ಲಿ ಏನು ಮಾಡ್ಬಹುದು?

ಪ್ರಶ್ನೆ: ನಮ್ದು ಶ್ರೀನಿವಾಸಪುರ ಹತ್ರ ಹಳ್ಳಿ ಸಾರ್. ವಯಸ್ಸಾದ ಮಾವಿನ ಮರಗಳನ್ನ ತೆಗೆಸ್ತಾ ಇದೀವಿ, ಎಲ್ಲಾ ಸೌದೆ ರೇಟಿಗೆ ಲಾರಿ ಹತ್ತುತ್ತೆ. ರಿಟೈರ್ ಆಗಿದೀನಿ, ಕೈಯಲ್ಲಿ ಟೈಮ್ ಇದೆ, ಮರಗೆಲಸ ಹವ್ಯಾಸವಾಗಿ ಕಲಿಯೋಣ ಅಂತ ಆಸೆ. ತೇಗ ಇಲ್ದೆ ಆಗಲ್ಲ, ಮಿಷನ್‌ಗಳಿಗೇ ಲಕ್ಷ ಸುರೀಬೇಕು ಅಂತ ಎಲ್ರೂ ಹೆದರಿಸ್ತಾರೆ. ನಿಜಾನಾ?

ಉತ್ತರ: ಸುಳ್ಳು ಸ್ವಾಮಿ. ನಮ್ಮ ಬಯಲುಸೀಮೆ ಆಚಾರ್ರು ತೇಗ ನೋಡ್ಕೊಂಡು ಕೆಲಸ ಕಲಿತೋರಲ್ಲ. ನೇಗಿಲು, ಕೂರಿಗೆ, ಗಾಡಿ ಅಂದ್ರೆ ಜಾಲಿ, ಒನಕೆ ಗಾಣ ಅಂದ್ರೆ ಹುಣಸೆ, ಬಾಗಿಲು ಕಿಟಕಿಗೆ ಬೇವು ಹಲಸು, ಹೀಗೆ ಏನು ಬೇಕೋ ಅದಕ್ಕೆ ತಕ್ಕ ಮರ ಊರ ಸುತ್ತಾನೇ ಸಿಕ್ತಿತ್ತು. ಈಗಲೂ ಮಟನ್ ಅಂಗಡಿಗೆ ಹೋದಾಗ ಆ ಕೊರಡು ನೋಡಿ, ದಿನಾ ಮಚ್ಚಿನ ಏಟು ತಿಂದೂ ಸೀಳಿರಲ್ಲ, ಬಹುಪಾಲು ಹುಣಸೇದೇ.

ಮಾವು ಕಲಿಯೋಕೆ ಒಳ್ಳೇ ಮರ. ತುಂಬಾ ಗಟ್ಟಿಯಿಲ್ಲ, ಉಳಿ ಮಾತು ಕೇಳುತ್ತೆ. ತೊಂದರೆ ಏನಪ್ಪಾ ಅಂದ್ರೆ ಹುಳು. ಬಿಳಿ ಭಾಗದಲ್ಲಿ ಸೂಜಿ ಚುಚ್ಚಿದಂಥ ತೂತು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿದ್ರೆ ಒಳಗೆ ಊಟ ನಡೀತಿದೆ ಅಂತ ಲೆಕ್ಕ. ಕಡಿದ ತಕ್ಷಣ ಹಲಗೆ ಕೊಯ್ಸಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರಲ್ಲಿ ನೆನೆಸಿ ಆಮೇಲೆ ನೆರಳಲ್ಲಿ ಒಣಗಿಸಿದ್ರೆ ಹುಳು ಹತ್ರ ಬರಲ್ಲ. ಆದ್ರೆ ಆ ಹಲಗೆ ಪೆಟ್ಟಿಗೆಗೆ, ಸ್ಟೂಲಿಗೆ ಮಾತ್ರ, ಸೌಟು ತಟ್ಟೆ ಮಾಡೋಕೆ ಬೇಡ. ಇನ್ನೊಂದು, ಮಾವಿನ ಸೊನೆ ಕೆಲವ್ರಿಗೆ ಮೈಗಾಗಲ್ಲ, ಹಸಿ ಮರ ಮುಟ್ಟಿ ತುರಿಕೆ ಬಂದ್ರೆ ಗ್ಲೌಸ್ ಹಾಕ್ಕೊಳ್ಳಿ, ಧೂಳಿಗೆ ಮೂಗಿಗೊಂದು ಬಟ್ಟೆ ಅಂತೂ ಇರ್ಲೇಬೇಕು.

ಮಿಷನ್ ಯಾವ್ದೂ ಬೇಡ. ಒಂದು ಕೈಗರಗಸ, ಒಂದು ಸಣ್ಣ ಬಾಚಿ (ಕೆತ್ತೋಕೆ ಬಳಸೋ ಅಡ್ಡ ಅಲಗಿನ ಕೊಡಲಿ), ಅಗಲದ್ದೊಂದು ಸಪೂರದ್ದೊಂದು ಉಳಿ, ಉಳಿ ಹೊಡೆಯೋಕೆ ಕೊಡತಿ ಅಂದ್ರೆ ಮರದ ಸುತ್ತಿಗೆ, ಸಾಣೆಕಲ್ಲು, ಮುಗೀತು. ಬಾಚಿಯನ್ನ ಆನ್‌ಲೈನಲ್ಲಿ ತರಿಸೋ ಬದ್ಲು ಊರಲ್ಲಿ ಕುಲುಮೆ ಇನ್ನೂ ಉಳಿದಿದ್ರೆ ಹಳೇ ಲಾರಿ ಸ್ಪ್ರಿಂಗ್ ಪ್ಲೇಟ್ ಕೊಟ್ಟು ಹೊಡೆಸ್ಕೊಳ್ಳಿ, ಅದು ಹಿಡಿದಷ್ಟು ಮೊನೆಯನ್ನ ಅಂಗಡಿ ಮಾಲು ಹಿಡಿಯೋದು ನಾನು ನೋಡಿಲ್ಲ. ಸಾಣೆಕಲ್ಲಿಗೆ ಜಿಪುಣತನ ಮಾಡ್ಬೇಡಿ, ಮೊಂಡು ಉಳಿಯೇ ಜಾರಿ ಕೈ ಕುಯ್ಯೋದು.

ಮೊದಲನೇ ಕೆಲಸ ಕುರ್ಚಿ ಬೇಡ, ಕವೆಗೋಲು ಮಾಡಿ. ಹಿಟ್ಟು ತಿರುವೋವಾಗ ಪಾತ್ರೆ ಅಲ್ಲಾಡ್ದೆ ಇರ್ಲಿ ಅಂತ ಒತ್ತಿ ಹಿಡಿಯೋ ಕವಲು ಕೋಲು ಅದು, ಮರವೇ ಅರ್ಧ ಕೆಲಸ ಮಾಡಿಟ್ಟಿರುತ್ತೆ, ನೀವು ಸಿಪ್ಪೆ ತೆಗೆದು ತುದಿ ಸಮ ಮಾಡಿದ್ರೆ ಸಾಕು. ಆಮೇಲೆ ಮುದ್ದೆಕೋಲು. ಹಸಿ ಹುಣಸೆ ಕೊಂಬೆ ತಗೊಳ್ಳಿ, ಒಣಗಿದ್ಮೇಲೆ ಹುಣಸೆ ಕಬ್ಬಿಣಾನೇ, ಹಸಿಯಲ್ಲೇ ಕೆತ್ತಬೇಕು. ಮರದ ನಾರು ಹೋದ ಕಡೆಗೇ ಉಳಿ ಹೋದ್ರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬರುತ್ತೆ, ಎದುರು ಹೋದ್ರಿ ಅಂದ್ರೆ ಚರ್ರ್ ಅಂತ ಚಕ್ಕೆ ಎದ್ದು ಗುಳಿ ಬೀಳುತ್ತೆ, ಆಗ ಬಲ ಹಾಕ್ಬೇಡಿ, ಕೋಲನ್ನ ತಿರುಗಿಸ್ಕೊಂಡು ಆ ಕಡೆಯಿಂದ ಬನ್ನಿ. ಈ ಒಂದು ವಿಷ್ಯ ಕೈಗೆ ಹತ್ತಿದ್ರೆ ಮಿಕ್ಕಿದ್ದೆಲ್ಲ ಅಭ್ಯಾಸ ಅಷ್ಟೆ.

ಪ್ರಶ್ನೆ: ತಿಪಟೂರಿಂದ ಬರೀತಿದೀನಿ. ಹಲಸಿನ ಕೊಂಬೆಯಲ್ಲಿ ಕಷ್ಟಪಟ್ಟು ಬಟ್ಟಲು ಕೆತ್ತಿದೆ, ಬೇಗ ಒಣಗ್ಲಿ ಅಂತ ಬಿಸಿಲಿಗಿಟ್ಟೆ, ನಡು ಮಧ್ಯೆ ಸೀಳು ಬಿಡ್ತು. ಮರಾನೇ ಸರಿಯಿಲ್ವಾ?

ಉತ್ತರ: ಮರದ ಮೇಲೆ ತಪ್ಪು ಹಾಕ್ಬೇಡಿ ಮೇಡಂ! ವೀಣೆ, ಮೃದಂಗ ಎರಡಕ್ಕೂ ಹಲಸೇ ಬೇಕು, ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ವೀಣೆ ಕೆತ್ತೋದೂ ಅದ್ರಲ್ಲೇ. ಮರ ಒಣಗುವಾಗ ಸುತ್ತಳತೆಯಲ್ಲಿ ಜಾಸ್ತಿ ಕುಗ್ಗುತ್ತೆ, ನಡುವಿಂದ ಹೊರಕ್ಕೆ ಹೆಚ್ಚುಕಮ್ಮಿ ಅದರ ಅರ್ಧದಷ್ಟೇ. ಹಾಗಾಗಿ ನಡುವಿನ ತಿರುಳು ಉಳಿಸ್ಕೊಂಡು ಇಡೀ ದುಂಡನ್ನ ಕೆತ್ತಿದ್ರೆ ಅದು ಎಲ್ಲಾದ್ರೂ ಒಂದ್ಕಡೆ ಬಿರೀಲೇಬೇಕು. ಕೊಂಬೇನ ಉದ್ದಕ್ಕೆ ಸೀಳಿ ತಿರುಳು ತೆಗೆದು ಅರ್ಧ ಹೋಳಲ್ಲಿ ಬಟ್ಟಲು ಕೆತ್ತಿ. ನೀರು ಜಾಸ್ತಿ ಆರೋದು ಕತ್ತರಿಸಿದ ತುದಿಯಿಂದ, ಅದಕ್ಕೇ ಹಿಂದಿನೋರು ದಿಮ್ಮಿ ತುದಿಗೆ ಸಗಣಿ ಬಳೀತಿದ್ರು, ನೀವು ಮೇಣವೋ ಹಳೇ ಪೇಂಟೋ ಬಳೀರಿ. ಬಟ್ಟಲನ್ನ ಸ್ವಲ್ಪ ದಪ್ಪಕ್ಕೇ ಬಿಟ್ಟು, ಅದೇ ಮರದ ಹೊಟ್ಟು ತುಂಬಿದ ಚೀಲದಲ್ಲಿ ಹುದುಗಿಸಿ ಮೂಲೆಗಿಡಿ, ತೂಕ ಇಳಿಯೋದು ನಿಂತ್ಮೇಲೆ ಫೈನಲ್ ಕೆತ್ತನೆ. ಹಲಗೆ ಆದ್ರೆ ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೇ ಅಂದಾಜು, ನಮ್ಮ ಒಣ ಹವೆಗೆ ಇನ್ನೂ ಬೇಗ ಆಗುತ್ತೆ. ಈಗ ಹಳದಿ ಕಾಣ್ತಿರೋ ಹಲಸು ವರ್ಷ ಕಳೆದಂಗೆ ಕಂದು ಬಣ್ಣಕ್ಕೆ ತಿರುಗುತ್ತೆ, ಪಾಲಿಶ್ ಹೊಡೆದು ಬಣ್ಣ ಕೆಡಿಸ್ಬೇಡಿ.

ನಿಮ್ಮೂರ ಕೊಬ್ಬರಿ ಎಣ್ಣೆ ಸವರಿದ್ರೂ ನಡೆಯುತ್ತೆ, ಅದು ಗಟ್ಟಿಯಾಗಲ್ಲ, ಆಗಾಗ ಸವರ್ತಾ ಇರ್ಬೇಕು. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಒಳಗೇ ಕಾವು ಏರಿ ತಾನಾಗೇ ಬೆಂಕಿ ಹತ್ತೋದುಂಟು. ಹರಡಿ ಒಣಗಿಸಿ.

ಪ್ರಶ್ನೆ: ಚಿಂತಾಮಣಿ ಕಡೆ ನಮ್ಮ ಹೊಲದ ಬದುವಲ್ಲಿ ಒಣಗಿದ ಶ್ರೀಗಂಧ ಇದೆ. ಗಣಪತಿ ಕೆತ್ತಬಹುದಾ?

ಉತ್ತರ: ಬೇಡ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆದ್ಮೇಲೆ ನಿಮ್ಮ ಜಮೀನಿನ ಗಂಧ ನಿಮ್ದೇ, ಆದ್ರೂ ಕಡಿಯೋಕೆ ಸಾಗಿಸೋಕೆ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು, ಒಣಗಿದ್ದು ಅಂದ್ರೂ ಬಿಡಲ್ಲ. ಬೀಟೆ, ಹೊನ್ನೆಗೂ ಕೇಳ್ದೆ ಕೈ ಹಾಕ್ಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವಿನಾಯಿತಿ ಇರೋ ಕೆಲವು ಜಾತಿ ಬಿಟ್ಟು ಸ್ವಂತ ಜಮೀನಿನ ಮರಕ್ಕೂ ಪರ್ಮಿಷನ್ ಬೇಕು, ರೇಂಜ್ ಆಫೀಸಲ್ಲಿ ವಿಚಾರಿಸಿ. ರಸ್ತೆ ಬದಿ ಹುಣಸೆ ಸರ್ಕಾರದ್ದು, ಅದನ್ನಂತೂ ಮರ್ತುಬಿಡಿ. ಗಣಪತೀನೇ ಕೆತ್ತಬೇಕು ಅಂದ್ರೆ ಕತ್ತರಿಸಿ ಹಾಕಿದ ಬೇವಿನ ಕೊಂಬೆ ತಗೊಳ್ಳಿ. ಕೆತ್ತನೆ ಹೇಗೆ ನಡೆಯುತ್ತೆ ಅಂತ ನೋಡೋಕೆ ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ಹೋಗ್ಬನ್ನಿ, ಅಲ್ಲಿ ಕಲ್ಲಿನ ಕೆಲಸವೇ ಹೆಚ್ಚು, ಆದ್ರೂ ಉಳಿ ಹಿಡಿಯೋ ಕೈ ನೋಡಿದ್ರೇನೇ ಅರ್ಧ ಪಾಠ ಆಗುತ್ತೆ.

ಪ್ರಶ್ನೆ: ಚನ್ನಪಟ್ಟಣದ ಗೊಂಬೆ ಮಾಡೋ ಮರ ನಮ್ಮ ತುಮಕೂರು ಕಡೆ ಸಿಗುತ್ತಾ?

ಉತ್ತರ: ಸಿಗುತ್ತೆ. ಅದು ಆಲೆ ಮರ, ಬಿಳೀದು, ನುಣುಪು, ಕುರುಚಲು ಗುಡ್ಡಗಳಲ್ಲಿ ಬೆಳೆಯುತ್ತೆ. ಎಲೆ ಕಿತ್ರೆ ಹಾಲು, ಕಾಯಿ ಉದ್ದಕ್ಕೆ ಜೋಡಿಜೋಡಿಯಾಗಿ ನೇತಾಡ್ತಾ ತುದಿಯಲ್ಲಿ ಒಂದಕ್ಕೊಂದು ಅಂಟಿರುತ್ತೆ, ಗುರುತು ಹಿಡಿಯೋದು ಸುಲಭ. ಕಾಡಿಂದ ಕಡೀಬೇಡಿ, ಬೀಜ ತಂದು ಬೇಲಿ ಸಾಲಲ್ಲಿ ಹಾಕಿ. ಹಾಲು ಬರೋದೆಲ್ಲ ಆಲೆ ಅಲ್ಲ ಅನ್ನೋದೂ ನೆನಪಿರ್ಲಿ, ಕಣಗಿಲೆ, ಕಳ್ಳಿ ಎರಡೂ ವಿಷ, ಮಕ್ಕಳ ಆಟದ ಸಾಮಾನಿಗೆ ಅವು ಬೇಡ್ವೇ ಬೇಡ.