ಆ ಆಪ್ಟ್ ಔಟ್ ಬಟನ್ ಒತ್ತಬೇಡ ತಮ್ಮಾ

ನಿನ್ನ ಪ್ರಶ್ನೆ ಓದಿದೆ. ಬ್ರಿಟನ್ನಿನ ಲೀಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದೀಯ, ವರ್ಷಕ್ಕೆ 36,000 ಪೌಂಡ್ ಸಂಬಳ, ಪೆನ್ಶನ್‌ಗೆ ನಿನ್ನನ್ನು ಸೇರಿಸಿದ್ದೇವೆ ಅಂತ ಪತ್ರ ಬಂದಿದೆ. ರೂಮಿನ ಹುಡುಗರು ಆಪ್ಟ್ ಔಟ್ ಮಾಡು, ಅಂದರೆ ಅದರಿಂದ ಹೊರಗೆ ಬಾ ಅಂತಿದ್ದಾರೆ. ಐದಾರು ವರ್ಷಕ್ಕೆ ಕಲಬುರಗಿಗೆ ವಾಪಸ್ ಹೋಗೋನಿಗೆ ಇಲ್ಲಿನ ಪೆನ್ಶನ್ ಯಾಕೆ, ಆ ದುಡ್ಡಲ್ಲಿ ಸೇಡಂ ರೋಡ್ ಕಡೆ ಪ್ಲಾಟ್ ಹಿಡಿಯಬಹುದಲ್ವಾ ಅಂತ ನಿನ್ನ ಲೆಕ್ಕ. ನಾನು ಹುಮನಾಬಾದಿನವನು, ಇಲ್ಲಿ ಬಂದು ಬಹಳ ವರ್ಷ ಆಯ್ತು. ಹೊರಗೆ ಬರಬೇಡ. ಯಾಕೆ ಅಂತ ಹೇಳ್ತೀನಿ.

ನಮ್ಮಪ್ಪ ಮಾಸ್ತರು, ಖಜಾನೆಯಿಂದ ತಿಂಗಳಾ ಪೆನ್ಶನ್ ಬರುತ್ತದೆ. ನಾವು ನೋಡಿ ಬೆಳೆದಿದ್ದು ಅದನ್ನೇ. ಇದು ಹಾಗಲ್ಲ. ನಿನ್ನ ಹೆಸರಿನ ಒಂದು ಖಾತೆ, ಅದರಲ್ಲಿ ನೀನು ಹಾಕಿದ್ದು, ಕಂಪನಿ ಹಾಕಿದ್ದು, ತೆರಿಗೆ ಉಳಿದಿದ್ದು ಮೂರೂ ಸೇರಿ ಹೂಡಿಕೆಯಾಗುತ್ತದೆ. ಕೆಲಸ ಬಿಟ್ಟರೂ ದೇಶ ಬಿಟ್ಟರೂ ಅದು ನಿನ್ನದೇ.

ಲೆಕ್ಕ ನೋಡು. ಕನಿಷ್ಠ ನಿಯಮದ ಪ್ರಕಾರ 6,240 ಪೌಂಡಿನಿಂದ 50,270 ಪೌಂಡಿನವರೆಗಿನ ಸಂಬಳದ ಮೇಲೆ 8% ಹೋಗಬೇಕು, ಅದರಲ್ಲಿ ಕಂಪನಿಯದು ಕನಿಷ್ಠ 3%. ನಿನಗೆ ಆ ಮೊತ್ತ 29,760. ನಿನ್ನ 5% ಅಂದರೆ ತಿಂಗಳಿಗೆ 124 ಪೌಂಡ್, ಆದರೆ 20% ತೆರಿಗೆ ಉಳಿಯೋದರಿಂದ ಕೈಯಿಂದ ಹೋಗೋದು ಸುಮಾರು 99. ಕಂಪನಿಯದು 74 ಸೇರಿ ಖಾತೆಗೆ ಬೀಳೋದು 198. ಅಂದರೆ ಕೈಯಿಂದ 99 ಕೊಟ್ಟರೆ ಖಾತೆಯಲ್ಲಿ 198. ಷೇರು ಪೇಟೆ ಏಳೋದು ಬೀಳೋದು ಆಮೇಲಿನ ಮಾತು, ದುಡ್ಡು ಒಳಗೆ ಹೋಗುವಾಗಲೇ ದುಪ್ಪಟ್ಟು ಆಯ್ತಲ್ಲ, ಇದನ್ನ ಯಾವ ಚೀಟಿ, ಯಾವ ಎಫ್‌ಡಿ ಕೊಡುತ್ತದೆ ಹೇಳು? ಆಪ್ಟ್ ಔಟ್ ಮಾಡಿದರೆ ಕಂಪನಿಯ ಆ 74 ನಿನ್ನ ಸಂಬಳಕ್ಕೆ ಸೇರೋದಿಲ್ಲ. ಸುಮ್ನೆ ಹೋಗುತ್ತದೆ.

ಎಚ್‌ಆರ್‌ಗೆ ಎರಡು ವಿಷಯ ಕೇಳು. ನಾನು ಜಾಸ್ತಿ ಹಾಕಿದರೆ ನೀವೂ ಜಾಸ್ತಿ ಹಾಕ್ತೀರಾ? ಹೂಂ ಅಂದರೆ ಅವರು ಎಲ್ಲಿವರೆಗೆ ಹಾಕ್ತಾರೋ ಅಲ್ಲಿವರೆಗೆ ನೀನೂ ಹಾಕು. ಇನ್ನೊಂದು, ಸ್ಯಾಲರಿ ಸ್ಯಾಕ್ರಿಫೈಸ್ ಇದೆಯಾ, ಅಂದರೆ ಅಷ್ಟು ಸಂಬಳ ಬಿಟ್ಟುಕೊಟ್ಟರೆ ಅದನ್ನ ಕಂಪನಿಯೇ ಪೆನ್ಶನ್‌ಗೆ ಹಾಕೋ ಪದ್ಧತಿ? ಇದ್ದರೆ ತೆರಿಗೆ ಜೊತೆ, ಸಂಬಳದಿಂದ ಸರ್ಕಾರಕ್ಕೆ ಕಟ್ ಆಗೋ 8% ನ್ಯಾಷನಲ್ ಇನ್ಶೂರೆನ್ಸೂ ಉಳಿದು, ಅದೇ 124 ಪೌಂಡಿಗೆ ಕೈಯಿಂದ ಸುಮಾರು 89 ಮಾತ್ರ ಹೋಗುತ್ತದೆ. 2029ರ ಏಪ್ರಿಲ್‌ನಿಂದ ಈ ಇನ್ಶೂರೆನ್ಸ್ ಲಾಭಕ್ಕೆ ವರ್ಷಕ್ಕೆ 2,000 ಪೌಂಡಿನ ಮಿತಿ ಹಾಕ್ತೀವಿ ಅಂತ ಸರ್ಕಾರ ಹೇಳಿದೆ, ನಿನ್ನ ಈಗಿನ ಮೊತ್ತಕ್ಕೆ ಅದು ತಟ್ಟೋದಿಲ್ಲ.

ಈಗ ನಿನ್ನ ಭಯದ ಮಾತು, ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅನ್ನೋದು. ಹೌದು, ಸಿಕ್ಕಿಹಾಕಿಕೊಳ್ಳುತ್ತದೆ. 2028ರ ಏಪ್ರಿಲ್‌ನಿಂದ 57 ವಯಸ್ಸಿನ ತನಕ ಮುಟ್ಟೋ ಹಾಗಿಲ್ಲ. ಸೇರಿಸಿದ ಒಂದು ತಿಂಗಳೊಳಗೆ ಹೊರಬಂದರೆ ಕಟ್ಟಿದ್ದು ವಾಪಸ್, ಆಮೇಲೆ ಬಂದರೆ ಅಲ್ಲಿವರೆಗಿನದು ಒಳಗೇ. ಯಾರಾದರೂ ಫೋನ್ ಮಾಡಿ ಈಗಲೇ ತೆಗೆಸಿಕೊಡ್ತೀವಿ ಅಂದರೆ ಫೋನ್ ಇಡು, ಹಾಗೆ ತೆಗೆದ ದುಡ್ಡಿಗೆ 55% ವರೆಗೂ ತೆರಿಗೆ ಬೀಳಬಹುದು. ಕಲಬುರಗಿಯಲ್ಲಿ ಕೂತು ತೆಗೆದರೆ ಅಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಕಾಲು ಭಾಗ ತೆರಿಗೆ ಇಲ್ಲದೆ ಸಿಗುತ್ತದೆ ಅನ್ನೋದು ಬ್ರಿಟನ್ನಿನ ನಿಯಮ, ಭಾರತದ್ದಲ್ಲ. ಅಷ್ಟೆಲ್ಲಾ ಕಳೆದರೂ ಬಿಡೋ ಮಾತಲ್ಲ ಇದು.

ನ್ಯಾಷನಲ್ ಇನ್ಶೂರೆನ್ಸ್‌ನಿಂದ ಬರೋ ಸರ್ಕಾರಿ ಪೆನ್ಶನ್ ಬೇರೆ. ಕನಿಷ್ಠ 10 ವರ್ಷ ಕಟ್ಟದಿದ್ದರೆ ಏನೂ ಇಲ್ಲ, ಪೂರ್ತಿ ಬೇಕಂದರೆ 35 ವರ್ಷ. ಭಾರತದಲ್ಲಿದ್ದು ತಗೊಂಡರೆ ವರ್ಷವರ್ಷ ಏರೋದಿಲ್ಲ. ಅದನ್ನ ನಂಬಿ ಕೂರಬೇಡ.

ಪೆನ್ಶನ್ ಆದಮೇಲೆ ಉಳಿದದ್ದು ಎಲ್ಲಿಗೆ? ಮೊದಲು ಕೈಯಲ್ಲಿ ನಗದು. ಕೆಲಸ ಹೋದರೆ ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಬೇರೆ ಕೆಲಸ ಹುಡುಕೋಕೆ ಇಲ್ಲವೇ ದೇಶ ಬಿಡೋಕೆ ಸಾಮಾನ್ಯವಾಗಿ 60 ದಿನ, ವೀಸಾ ಮುಂದುವರಿಸೋವಾಗ ಸರ್ಕಾರಿ ಆಸ್ಪತ್ರೆ ಸೇವೆಯ ಶುಲ್ಕವಾದ ಹೆಲ್ತ್ ಸರ್ಚಾರ್ಜ್ ವರ್ಷಕ್ಕೆ 1,035 ಪೌಂಡಿನಂತೆ ಒಟ್ಟಿಗೇ ಕಟ್ಟಬೇಕು. ಆಮೇಲೆ ಸ್ಟಾಕ್ಸ್ ಆಂಡ್ ಶೇರ್ಸ್ ಐಸಾ, ಅಂದರೆ ಷೇರು, ಫಂಡ್‌ಗಳಲ್ಲಿ ಹೂಡೋ ಖಾತೆ. ವರ್ಷಕ್ಕೆ 20,000 ವರೆಗೆ ಹಾಕಬಹುದು, ಬೇಕಾದಾಗ ತೆಗೆಯಬಹುದು, ಇಲ್ಲಿ ತೆರಿಗೆ ಇಲ್ಲ. ದೇಶ ಬಿಟ್ಟಮೇಲೆ ಹೊಸದಾಗಿ ಹಾಕೋ ಹಾಗಿಲ್ಲ, ಇದ್ದದ್ದು ಇರುತ್ತದೆ, ಆದರೆ ಭಾರತ ಅದನ್ನ ತೆರಿಗೆ ಇಲ್ಲದ್ದು ಅಂತ ನೋಡೋದಿಲ್ಲ. ವಾಪಸ್ ಹೋಗೋ ಮುಂಚೆ ಮಾರೋದು ವಾಸಿ. ಲೈಫ್‌ಟೈಮ್ ಐಸಾ ಮಾತ್ರ ನಿನಗೆ ಬೇಡ. 4,000 ಹಾಕಿದರೆ ಸರ್ಕಾರ 1,000 ಸೇರಿಸುತ್ತದೆ, ಚೆನ್ನಾಗೇ ಕಾಣುತ್ತದೆ, ಆದರೆ ಇಲ್ಲಿ ಮೊದಲ ಮನೆ ಕೊಳ್ಳದೆ 60ಕ್ಕೂ ಮುಂಚೆ ತೆಗೆದರೆ 25% ದಂಡ. 5,000ದಲ್ಲಿ 1,250 ಹೋಗಿ 3,750 ಕೈಗೆ, ನಿನ್ನದೇ 250 ಖೋತಾ.

ಊರಿನ ಕಡೆಗೆ ಬಾ. ಪ್ಲಾಟ್ ತಗೋಬೇಡ ಅನ್ನೋದಿಲ್ಲ, ಅದನ್ನೇ ಮುಪ್ಪಿನ ಆಸರೆ ಅಂದುಕೋಬೇಡ. ಎನ್‌ಆರ್‌ಐ ಆದಮೇಲೆ ಭಾರತದ ವಿದೇಶಿ ವಿನಿಮಯ ಕಾನೂನು ಫೆಮಾ ಪ್ರಕಾರ ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳೋ ಹಾಗಿಲ್ಲ, ಅಪ್ಪನ ಹೊಲ ವಾರಸದಾರನಾಗಿ ಬಂದರೆ ಸರಿ. ಎನ್‌ಎ (ಕೃಷಿಯೇತರ) ಆಗದ ತೊಗರಿ ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು ಪ್ಲಾಟ್ ಅಂತ ತೋರಿಸೋರು ನಿನ್ನ ಪೌಂಡ್ ವಾಸನೆ ಹಿಡಿದು ಬಂದೇ ಬರ್ತಾರೆ. ಪಹಣಿ, ಎನ್‌ಎ ಆದೇಶ, ಲೇಔಟ್ ಮಂಜೂರಾತಿ ನೋಡದೆ ಅಡ್ವಾನ್ಸ್ ಕೊಡಬೇಡ. ಅಲ್ಲಿನ ಉಳಿತಾಯ ಖಾತೆಯನ್ನ ಎನ್‌ಆರ್‌ಒ (ಎನ್‌ಆರ್‌ಐಗಳ ಊರಿನ ಆದಾಯದ ಖಾತೆ) ಮಾಡಿಸು. ಪಿಪಿಎಫ್ ಇದ್ದರೆ ಅವಧಿ ಮುಗಿಯೋ ತನಕ ನಡೆಸಬಹುದು, ಹೊಸದು ತೆರೆಯೋ ಹಾಗಿಲ್ಲ. ವಿದೇಶದ ಗಳಿಕೆ ಇಡೋ ಎನ್‌ಆರ್‌ಇ ಖಾತೆಯ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ ಮೊದಲ 4 ವರ್ಷ ಹೊರದೇಶದ ಆದಾಯಕ್ಕೆ ವಿನಾಯಿತಿ ಕೇಳೋ ಅವಕಾಶ 2025ರ ಏಪ್ರಿಲ್‌ನಿಂದ ಇದೆ, ಆದರೆ ಕೇಳಿದ ವರ್ಷ 12,570 ಪೌಂಡಿನವರೆಗೆ ತೆರಿಗೆ ಇಲ್ಲ ಅನ್ನೋ ಪರ್ಸನಲ್ ಅಲೋವೆನ್ಸ್ ಹೋಗುತ್ತದೆ. ಸಣ್ಣ ಎಫ್‌ಡಿ ಬಡ್ಡಿಗೋಸ್ಕರ ಅದನ್ನ ಕೇಳಬೇಡ. ಮ್ಯೂಚುವಲ್ ಫಂಡ್ ಎಸ್‌ಐಪಿಯನ್ನ ಸದ್ಯ ನಿಲ್ಲಿಸು ಅಂತೀನಿ, ಅಲ್ಲಿನ ಫಂಡ್‌ಗಳ ಲಾಭವನ್ನ ಇಲ್ಲಿ ಹೆಚ್ಚಾಗಿ ಸಂಬಳದಂಥ ಆದಾಯ ಅಂತಲೇ ಹಿಡೀತಾರೆ.

ಈ ವಾರ ಪೆನ್ಶನ್ ಆ್ಯಪ್‌ಗೆ ಲಾಗಿನ್ ಆಗು. ಆಫೀಸಿನ ಇಮೇಲ್ ತೆಗೆದು ನಿನ್ನ ಸ್ವಂತದ್ದು ಹಾಕು, ಇಲ್ಲದಿದ್ದರೆ ಕೆಲಸ ಬದಲಿಸಿದ ದಿನ ಪಾಸ್‌ವರ್ಡ್ ಲಿಂಕೂ ಹೋಗುತ್ತದೆ. ನಾಮಿನಿ ಜಾಗ ಖಾಲಿ ಇರುತ್ತದೆ, ಅಮ್ಮನ ಹೆಸರು ಹಾಕು, ಅವರ ಪಾಸ್‌ಪೋರ್ಟ್ ಇಲ್ಲವೇ ಆಧಾರ್‌ನಲ್ಲಿ ಇರೋ ಸ್ಪೆಲ್ಲಿಂಗ್‌ನಲ್ಲೇ. ವಿಳಾಸದಲ್ಲಿ ಗುಲ್ಬರ್ಗ ಅಂತಿದೆಯೋ ಕಲಬುರಗಿ ಅಂತಿದೆಯೋ ಅದನ್ನೂ ನೋಡಿಕೊಂಡು ಹಾಗೇ ಬರಿ.