ಸ್ಕೋರ್ ಬರೆಯುತ್ತಿದ್ದ ಹುಡುಗ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ತಾಯಿಯ ಒಪ್ಪಿಗೆ ಇದೆ. ಮಗನನ್ನು ಇಲ್ಲಿ ಪುಟ್ಟ ಅಂತಲೇ ಕರೆಯುತ್ತೇನೆ.

ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಪುಟ್ಟನಿಗೆ 9 ವರ್ಷ. ಅದಾಗಿ ಒಂದೂವರೆ ವರ್ಷದ ಮೇಲೆ ತಾಯಿ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದರು. ಅಳಲಿಲ್ಲ. ಕೈಯಲ್ಲಿ ಒಂದು ಪಟ್ಟಿ ಇತ್ತು. ಮಗನ ಹುಟ್ಟುಹಬ್ಬದ ದಿನ ಅವನ ಶಾಲೆಯಲ್ಲಿ ಸಭೆ ಮಾಡಬೇಕು. ವೇದಿಕೆಯ ಮೇಲೆ ಅವನ ದೊಡ್ಡ ಫೋಟೊ ಇರಬೇಕು. ಎಲ್ಲರಿಗಿಂತ ಒಳ್ಳೆಯ ಮನಸ್ಸಿನ ಒಂದು ಮಗುವಿಗೆ ಪ್ರತಿ ವರ್ಷ ಪದಕ ಕೊಡಬೇಕು.

"ಅವನನ್ನು ಒಂಟಿ ಮಾಡಿಬಿಟ್ಟರಲ್ಲ ಮೇಡಂ, ಆ ಮಕ್ಕಳಿಗೆ ಗೊತ್ತಾಗಬೇಕು" ಅಂದರು. ಗಂಡನಿಗೆ ಸಭೆ ಬೇಡವಾಗಿತ್ತು. ನೆಂಟರಂತೂ 'ಇನ್ನಾದರೂ ಮರೆತುಬಿಡು' ಅನ್ನುತ್ತಿದ್ದರು.

ಮರೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ದುಃಖ ಕಳೆಯಬೇಕಾದರೆ ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳಬೇಕು ಅಂತ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದಿದ್ದರು. 1920ರಲ್ಲಿ ಅವರ ಮಗಳೇ ತೀರಿಕೊಂಡಳು. 1929ರಲ್ಲಿ, ಅವಳು ಬದುಕಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡ ಗೆಳೆಯನೊಬ್ಬನಿಗೆ ಕಾಗದ ಬರೆದರು. ಆ ಜಾಗವನ್ನು ಬೇರೆ ಯಾವುದೂ ತುಂಬುವುದಿಲ್ಲ, ಅದು ಹಾಗೇ ಇರಬೇಕಾದದ್ದು ಎಂಬ ಅರ್ಥದ ಮಾತು ಅದರಲ್ಲಿದೆ. ಇದನ್ನು ಹೇಳಿದಾಗ ತಾಯಿಯ ಕಣ್ಣು ತುಂಬಿತು.

ಮೂರನೇ ಭೇಟಿಗೆ ಅವರು ಪುಟ್ಟನ ಗಣಿತದ ನೋಟ್‌ಬುಕ್ ತಂದಿದ್ದರು. ಚಿಕಿತ್ಸೆಯ ನಡುವೆ ಅವನು ಕೆಲವು ವಾರ ಶಾಲೆಗೆ ಹೋಗಿದ್ದ. ಕೂದಲು ಉದುರಿತ್ತು, ಓಡಲು ಆಗುತ್ತಿರಲಿಲ್ಲ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ 19 ದಿನಗಳ ತಾರೀಕು. ನಾಲ್ಕರ ಮುಂದೆ ಮಾತ್ರ ಟಿಕ್ ಗುರುತು. ಆಟಕ್ಕೆ ಕರೆದ ದಿನಗಳವು. ಟಿಕ್‌ಗಳನ್ನು ಎಷ್ಟು ಒತ್ತಿ ಹಾಕಿದ್ದನೆಂದರೆ, ಹಾಳೆಯ ಹಿಂಬದಿಗೆ ಬೆರಳು ಸವರಿದರೆ ತಿಳಿಯುತ್ತಿತ್ತು.

ತಾಯಿ ಆ ಹದಿನೈದು ಖಾಲಿ ದಿನಗಳನ್ನೇ ನೋಡುತ್ತಿದ್ದರು. ಅದು ಸಹಜ. ನಾನು ಕೇಳಿದ್ದು ಆ ನಾಲ್ಕು ದಿನಗಳ ಬಗ್ಗೆ. "ಅವತ್ತು ಏನಾಗಿತ್ತು?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ನೆನಪಾಯಿತು. ತರಗತಿಯ ಒಬ್ಬ ಹುಡುಗಿ, 'ನೀನು ಓಡ್ಬೇಡ, ಸ್ಕೋರ್ ಬರಿ' ಅಂದಿದ್ದಳಂತೆ. ಆ ದಿನಗಳಲ್ಲಿ ಪುಟ್ಟ ಮನೆಗೆ ಬಂದು ಯಾರು ಔಟ್, ಯಾರು ಮೋಸ ಮಾಡಿದರು ಅಂತ ರಾತ್ರಿಯವರೆಗೂ ಹೇಳುತ್ತಿದ್ದ.

ನನಗೆ ಹೇಳಬೇಕಿದ್ದದ್ದು ಅಲ್ಲಿಯೇ ಇತ್ತು. ಆ ಹುಡುಗಿ ಅವನ ಮೇಲೆ ಕನಿಕರ ತೋರಿಸಲಿಲ್ಲ, ಆಟದೊಳಗೆ ಒಂದು ಕೆಲಸ ಕೊಟ್ಟಳು. ಅದನ್ನು ಮುಂದುವರಿಸೋಣ ಅಂದೆ.

ಪದಕ ಬೇಡ ಅಂತ ನೇರವಾಗಿಯೇ ಹೇಳಿದೆ. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಸಂಶೋಧಕರು 20 ತಿಂಗಳ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದ್ದರು. ಸಹಾಯ ಮಾಡಿದ್ದಕ್ಕೆ ಬಹುಮಾನ ಸಿಕ್ಕ ಮಕ್ಕಳು ಆಮೇಲೆ ಸಹಾಯ ಮಾಡಿದ್ದು, ಬಹುಮಾನ ಸಿಗದ ಮಕ್ಕಳಿಗಿಂತ ಕಡಿಮೆ. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಬೇರೆ. ಒಂದು ಮಗುವಿಗೆ ಪದಕ ಹಾಕಿದರೆ ಉಳಿದವರೆಲ್ಲ ಮತ್ತೆ ಹೊರಗೇ ಅಲ್ವಾ?

ಸಹಪಾಠಿಗಳಿಗೆ ಬುದ್ಧಿ ಕಲಿಸುವ ಭಾಷಣವೂ ಬೇಡ ಅಂದೆ. ಅವರೂ ಗೆಳೆಯನನ್ನು ಕಳೆದುಕೊಂಡ ಮಕ್ಕಳೇ. ಗೊತ್ತಿಲ್ಲದೆ, ಹೆದರಿ ದೂರ ನಿಂತವರು. 'ನಿಮ್ಮಿಂದ ಅವನು ನೊಂದ' ಅನ್ನುವ ಭಾರವನ್ನು ಈಗ ಅವರ ತಲೆಗೆ ಹಾಕಿದರೆ ಅವರು ಹೊತ್ತುಕೊಂಡೇ ಬೆಳೆಯುತ್ತಾರೆ. ತಾಯಿಯ ಸಿಟ್ಟಿಗೂ ಜಾಗ ಬೇಕಿತ್ತು. ಆ ಭಾಷಣವನ್ನು ಪೂರ್ತಿ ಬರೆದು ನನ್ನ ಕೋಣೆಯಲ್ಲೇ ಗಟ್ಟಿಯಾಗಿ ಓದಿ ಅಂದೆ. ಓದಿದರು. ಎರಡು ಸಲ.

ಆಮೇಲೆ ತಾಯಿ ಶಿಕ್ಷಕಿಯ ಜೊತೆ ಕೂತು ಮಾತಾಡಿದರು. ಆಟದ ಪಿರಿಯಡ್‌ನಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಸಿಗುವವರೆಗೆ ಆಟ ಶುರುವಾಗಬಾರದು ಅಂತ ನಿಯಮವಾಯಿತು. ಓಡುವುದು, ಎಸೆಯುವುದು, ಅಂಪೈರ್ ಆಗುವುದು, ಸ್ಕೋರ್ ಬರೆಯುವುದು, ಯಾವುದಾದರೂ ಸರಿ. ಪುಟ್ಟನ ಹೆಸರು ಬಂದಾಗ 'ನಿದ್ದೆ ಹೋದ', 'ದೂರ ಹೋದ' ಅನ್ನದೆ 'ತೀರಿಕೊಂಡ' ಅಂತಲೇ ಹೇಳಲು ಶಿಕ್ಷಕಿಯನ್ನು ಕೇಳಿಕೊಂಡೆ. ಚಿಕ್ಕ ಮಕ್ಕಳು ನಿದ್ದೆಗೇ ಹೆದರಿಬಿಡುತ್ತಾರೆ. ಸ್ಕೋರ್ ಬರೆಯಲು ತಾಯಿ ಒಂದು ದಪ್ಪ ಪುಸ್ತಕ ಕೊಟ್ಟರು. ಅದರ ಮೇಲೆ ಅವನ ಹೆಸರಷ್ಟೇ ಇದೆ, ಫೋಟೊ ಇಲ್ಲ.

ಹುಟ್ಟುಹಬ್ಬದ ದಿನ ಶಾಲೆಗೆ ಹೋಗಲು ಅವರಿಂದ ಆಗಲಿಲ್ಲ. ಗಂಡ ಒಬ್ಬರೇ ಹೋಗಿ ಮೈದಾನದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು. ಅವತ್ತು ಸ್ಕೋರ್ ಬರೆಯುತ್ತಿದ್ದದ್ದು ಆ ವಾರವಷ್ಟೇ ಶಾಲೆಗೆ ಸೇರಿದ್ದ ಒಬ್ಬ ಹುಡುಗನಂತೆ.